ಊಟ ಆದಮೇಲೆ ಬಿಪಿ ಯಾಕೆ ಇಳಿಯುತ್ತದೆ? ಹೊಟ್ಟೆಯ ಎಕ್ಸ್‌ರೇಯಿಂದ ಶುರುವಾದ ಹುಡುಕಾಟ

ಬಳ್ಳಾರಿ, ರಾಯಚೂರು ಕಡೆ ಬೇಸಿಗೆಯಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ‘ಉಂಡು ಎದ್ದೆ ನೋಡ್ರಿ, ಕಣ್ಣಿಗೆ ಕತ್ತಲಿ ಬಂದಂಗಾತು.’ ಹೇಳುವವರು ಸಾಮಾನ್ಯವಾಗಿ ವಯಸ್ಸಾದವರು. ಉತ್ತರವೂ ರೆಡಿ ಇರುತ್ತದೆ: ‘ಬಿಸಿಲು ಭಾಳ ಐತಿ, ಮಜ್ಜಿಗಿ ಕುಡೀರಿ.’ ಬಿಸಿಲಿನ ಪಾಲು ಇದ್ದೇ ಇದೆ. ಆದರೆ ಹೊರಗೆ ಕಾಲಿಡದೆ, ಫ್ಯಾನ್ ಕೆಳಗೆ ಕೂತು ಉಂಡವರಿಗೂ ಹೀಗಾಗುತ್ತದಲ್ಲ, ಅದಕ್ಕೇನು ಹೇಳೋಣ?

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಿಪಿ ನೋಡಿದರೆ ಮೇಲಿನ ಅಂಕಿ 150 ಅಂತಿಟ್ಟುಕೊಳ್ಳಿ. ಊಟವಾಗಿ ಒಂದು ಗಂಟೆಗೆ ಅದೇ ಮಷೀನಿನಲ್ಲಿ 122. ಮನೆಯವರು ಮಷೀನ್ ಕೆಟ್ಟಿತು ಅಂದುಕೊಂಡು ಬ್ಯಾಟರಿ ಬದಲಿಸುತ್ತಾರೆ. ಬಹಳ ಸಲ ಮಷೀನ್ ಸರಿಯಾಗೇ ಇರುತ್ತದೆ. ಇಳಿದಿರುವುದು ಬಿಪಿಯೇ. ಇಳಿಸಿದ್ದು ಊಟ.

ಹೊಟ್ಟೆಗೊಬ್ಬ ಡಾಕ್ಟರ್, ಬಿಪಿಗೊಬ್ಬ ಡಾಕ್ಟರ್ ಅಂತ ಹಂಚಿಕೊಂಡು ನಮಗೆ ಅಭ್ಯಾಸವಾಗಿದೆ. ಹಾಗಾಗಿ ಇವೆರಡರ ನಂಟು ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ. ಈ ನಂಟನ್ನು ಅರ್ಥ ಮಾಡಿಕೊಳ್ಳಲು ಒಬ್ಬ ವಿಜ್ಞಾನಿಯ ಕೆಲಸದ ಹಿಂದೆ ಹೋಗುವುದು ಒಳ್ಳೆಯ ದಾರಿ. ಅವರ ಹೆಸರು ವಾಲ್ಟರ್ ಕ್ಯಾನನ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1871ರಲ್ಲಿ ಹುಟ್ಟಿದವರು. ಹೊಟ್ಟೆ ಹೇಗೆ ಅಲುಗಾಡುತ್ತದೆ ಎಂದು ನೋಡಲು ಶುರು ಮಾಡಿದರು. ನೋಡುತ್ತಾ ನೋಡುತ್ತಾ ಭಯ, ಸಿಟ್ಟು, ರಕ್ತದ ಒತ್ತಡ, ಯುದ್ಧದ ಗಾಯಾಳುಗಳವರೆಗೂ ಹೋದರು.

1895ರ ನವೆಂಬರ್‌ನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದರು. ಅದಾಗಿ ಒಂದು ವರ್ಷ ಕಳೆದಿತ್ತಷ್ಟೇ. ಎಲ್ಲರೂ ಆ ಕಿರಣಗಳಿಂದ ಮುರಿದ ಮೂಳೆ, ಒಳಗೆ ಸೇರಿದ ಗುಂಡು, ಸೂಜಿ ಹುಡುಕುತ್ತಿದ್ದರು. ಕ್ಯಾನನ್ ಆಗ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗ. ಅಲ್ಲಿನ ಪ್ರೊಫೆಸರ್ ಹೆನ್ರಿ ಬೌಡಿಚ್ ಅವರಿಗೆ ಒಂದು ಯೋಚನೆ ಬಂತು. ಪ್ರಾಣಿ ಏನಾದರೂ ನುಂಗುವಾಗ ಒಳಗೆ ಏನು ನಡೆಯುತ್ತದೆ ಎಂದು ಈ ಕಿರಣದಿಂದ ನೋಡಬಾರದೇಕೆ? ಆ ಕೆಲಸವನ್ನು ಕ್ಯಾನನ್‌ಗೂ ಜೊತೆಯ ಇನ್ನೊಬ್ಬ ವಿದ್ಯಾರ್ಥಿಗೂ ಒಪ್ಪಿಸಿದರು. 1896ರ ಡಿಸೆಂಬರ್‌ನಲ್ಲಿ ಪ್ರಯೋಗ ಶುರುವಾಯಿತು. ಮೊದಮೊದಲು ಹೆಬ್ಬಾತು, ನಾಯಿ. ಆಮೇಲೆ ಬೆಕ್ಕು.

ಇಲ್ಲೊಂದು ತೊಡಕಿತ್ತು. ಎಕ್ಸ್‌ರೇಗೆ ಹೊಟ್ಟೆ ಕಾಣುವುದಿಲ್ಲ. ಮೂಳೆ ಕಾಣುವುದು ಅದರಲ್ಲಿ ಕ್ಯಾಲ್ಸಿಯಂ ಇರುವುದರಿಂದ. ಪರಮಾಣು ಭಾರವಾದಷ್ಟೂ ಅದು ಕಿರಣವನ್ನು ಜಾಸ್ತಿ ತಡೆಯುತ್ತದೆ. ಹೊಟ್ಟೆ, ಕರುಳು, ಮಾಂಸ ಎಲ್ಲ ಬಹುಪಾಲು ಹೈಡ್ರೋಜನ್, ಕಾರ್ಬನ್, ಆಕ್ಸಿಜನ್. ಎಲ್ಲವೂ ಹಗುರ. ಕಿರಣ ಅವುಗಳ ಮೂಲಕ ಸಲೀಸಾಗಿ ದಾಟಿ ಹೋಗುತ್ತದೆ. ತಿಂದ ಅನ್ನವೂ ಅಷ್ಟೇ.

ಉಪಾಯ ಸರಳ. ಊಟಕ್ಕೇ ಭಾರದ ವಸ್ತು ಬೆರೆಸುವುದು. ಕ್ಯಾನನ್ ಬಿಸ್ಮತ್ ಎಂಬ ಲೋಹದ ಒಂದು ಪುಡಿಯನ್ನು ಆಹಾರಕ್ಕೆ ಕಲಸಿ ಬೆಕ್ಕಿಗೆ ತಿನ್ನಿಸಿದರು. ಹೊಟ್ಟೆಯ ಗೋಡೆ ಕಾಣದಿದ್ದರೂ ಒಳಗಿನ ಊಟ ಕಪ್ಪು ನೆರಳಾಗಿ ಕಂಡಿತು. ಊಟದ ಆಕಾರವೇ ಹೊಟ್ಟೆಯ ಆಕಾರ ಅಲ್ವಾ? ಕತ್ತಲೆ ಕೋಣೆ. ಹೊಳೆಯುವ ಪರದೆ. ಅದರ ಮೇಲೆ ತೆಳ್ಳನೆ ಕಾಗದ ಹಾಸಿ, ನೆರಳಿನ ಅಂಚನ್ನು ಪೆನ್ಸಿಲ್‌ನಲ್ಲಿ ಎಳೆದುಕೊಳ್ಳುವುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಕಾಗದ. ಈಗಿನವರು ಸಾಫ್ಟ್‌ವೇರ್‌ನಲ್ಲಿ ಮಾಡುವ ಕೆಲಸವನ್ನು ಅವರು ಕೈಯಿಂದ ಮಾಡಿದರು.

ಬಿಸ್ಮತ್‌ನ ಆ ಪುಡಿ ಜಾಸ್ತಿ ಪ್ರಮಾಣದಲ್ಲಿ ಹೊಟ್ಟೆ ಸೇರಿದರೆ ವಿಷವಾಗುತ್ತದೆ ಎಂದು ಆಮೇಲೆ ಗೊತ್ತಾಯಿತು. 1910ರ ಹೊತ್ತಿಗೆ ಅದರ ಜಾಗಕ್ಕೆ ಬೇರಿಯಂ ಸಲ್ಫೇಟ್ ಬಂತು. ಇವತ್ತಿಗೂ ಬಳ್ಳಾರಿಯಲ್ಲಾಗಲಿ ಎಲ್ಲೇ ಆಗಲಿ ‘ಬೇರಿಯಂ ಟೆಸ್ಟ್’ ಬರೆದುಕೊಟ್ಟರೆ ಕುಡಿಸುವುದು ಇದನ್ನೇ. ಸುಣ್ಣದ ನೀರಿನಂಥ ಬಿಳಿ ದ್ರವ. ‘ಅಜ್ಜಾ, ಬಾಯಾಗ ಇಟ್ಕೊಂಡಿರ್ರಿ, ನಾ ಹೇಳಿದಾಗ ನುಂಗ್ರಿ’ ಎಂದು ಟೆಕ್ನಿಷಿಯನ್ ಹೇಳುತ್ತಾರಲ್ಲ, ಅದು ನುಂಗುವ ಕ್ಷಣವನ್ನೇ ಹಿಡಿಯಲು. ಗುಟುಕು ಅನ್ನನಾಳ ದಾಟಲು ಕೆಲವೇ ಸೆಕೆಂಡು ಸಾಕು.

ಬೇರಿಯಂ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗಣಿ ಲಾರಿ ನೋಡಿ ಬೆಳೆದವರಿಗೆ ಇದು ಹತ್ತಿರದ ವಿಷಯ. ಬೇರಿಯಂ ಸಲ್ಫೇಟ್ ಎಂದರೆ ನೆಲದಲ್ಲಿ ಸಿಗುವ ಬೆರೈಟ್ ಅದಿರು. ನಮ್ಮ ಆಚೆ ಮಗ್ಗುಲಿನ ಕಡಪ ಸೀಮೆಯ ಮಂಗಂಪೇಟೆಯಲ್ಲಿ ಅದರ ನಿಕ್ಷೇಪ ಇದೆ. ಜಗತ್ತಿನ ಅತಿ ದೊಡ್ಡ ಬೆರೈಟ್ ನಿಕ್ಷೇಪಗಳಲ್ಲಿ ಅದೂ ಒಂದು. ಬೆರೈಟ್ ಬಹುಪಾಲು ಹೋಗುವುದು ತೈಲಬಾವಿ ಕೊರೆಯುವವರಿಗೆ. ಕುಡಿಸಲು ಬೇಕಾಗುವುದು ಚೂರುಪಾರು, ಅದೂ ತೀರಾ ಶುದ್ಧವಾಗಿರಬೇಕು. ಶುದ್ಧತೆ ಯಾಕೆ ಮುಖ್ಯ ಅಂದರೆ, ನೀರಿನಲ್ಲೋ ಹೊಟ್ಟೆಯ ಆಮ್ಲದಲ್ಲೋ ಕರಗುವ ಬೇರಿಯಂ ವಿಷ. ಬೇರಿಯಂ ಕಾರ್ಬೊನೇಟ್ ಅನ್ನು ಇಲಿ ಪಾಷಾಣವಾಗಿ ಬಳಸುತ್ತಿದ್ದರು. ಸಲ್ಫೇಟ್ ಮಾತ್ರ ಎರಡರಲ್ಲೂ ಕರಗುವುದಿಲ್ಲ. ಹೋದ ಹಾಗೇ ಹೊರಗೆ ಬರುತ್ತದೆ. ಕರುಳಿನಲ್ಲಿ ತೂತು ಬಿದ್ದಿರುವ ಅನುಮಾನ ಇದ್ದರೆ ಡಾಕ್ಟರು ಸಾಮಾನ್ಯವಾಗಿ ಬೇರಿಯಂ ಕೊಡುವುದಿಲ್ಲ, ಅಯೋಡಿನ್ ಇರುವ ಬೇರೆ ದ್ರವ ಕೊಡುತ್ತಾರೆ. ಇನ್ನೊಂದು ತಮಾಷೆ ಇದೆ. ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದ ದಿನ ಕತ್ತಲಲ್ಲಿ ಮಿನುಗಿದ ಪರದೆಗೆ ಬಳಿದಿದ್ದೂ ಬೇರಿಯಂನ ಒಂದು ಸಂಯುಕ್ತವೇ.

ಹೊಟ್ಟೆಯೊಳಗೆ ಕ್ಯಾನನ್ ಕಂಡದ್ದೇನು? ಹೊಟ್ಟೆ ಸುಮ್ನೆ ಕೂತ ಚೀಲ ಅಲ್ಲ. ಮೇಲ್ಭಾಗ ಊಟವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಳಭಾಗದಲ್ಲಿ ಅಲೆಗಳು ಏಳುತ್ತವೆ. ಮನುಷ್ಯರಲ್ಲಿ ಸುಮಾರು 20 ಸೆಕೆಂಡಿಗೊಂದು ಅಲೆ. ಪ್ರತಿ ಅಲೆಯೂ ಊಟವನ್ನು ಬಾಗಿಲ ಕಡೆ ತಳ್ಳಿ ಅರೆಯುತ್ತದೆ. ಬಾಗಿಲು ಚೂರು ತೆರೆದು, ನುಣ್ಣಗಾದಷ್ಟನ್ನು ಮಾತ್ರ ಸಣ್ಣ ಕರುಳಿಗೆ ಬಿಡುತ್ತದೆ. ಉಳಿದದ್ದು ವಾಪಸ್.

ಯಾವ ಊಟ ಎಷ್ಟು ಬೇಗ ದಾಟುತ್ತದೆ ಎಂದೂ ಅವರು ಅಳೆದರು. ಆ ಫಲಿತಾಂಶವನ್ನು 1904ರಲ್ಲಿ ಪ್ರಕಟಿಸಿದರು. ಹಿಟ್ಟಿನ ಪದಾರ್ಥ ಬೇಗ ಹೋಗುತ್ತದೆ. ಮಾಂಸದಂಥ ಪ್ರೋಟೀನ್ ನಿಧಾನ. ಕೊಬ್ಬು ಎಲ್ಲಕ್ಕಿಂತ ನಿಧಾನ. ಎಣ್ಣೆಯಲ್ಲಿ ಕರಿದ ಮಿರ್ಚಿ ತಿಂದ ಸಂಜೆ ಹೊಟ್ಟೆ ಯಾಕೆ ಭಾರ ಅಂತ ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಇದೆ. ಈ ವೇಗದ ವಿಷಯ ನೆನಪಿಟ್ಟುಕೊಳ್ಳಿ, ಬಿಪಿ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಬೆಕ್ಕಿಗೆ ಸಿಟ್ಟು ಬಂದಾಗ

ಕ್ಯಾನನ್ ಅವರ ನಿಜವಾದ ದೊಡ್ಡ ಕೆಲಸ ಶುರುವಾಗಿದ್ದು ಒಂದು ಕಿರಿಕಿರಿಯಿಂದ. ಕೆಲವು ಬೆಕ್ಕುಗಳ ಹೊಟ್ಟೆ ಅಲುಗಾಡುತ್ತಲೇ ಇರಲಿಲ್ಲ. ಅದರಲ್ಲೂ ಗಂಡು ಬೆಕ್ಕುಗಳದ್ದು. ಕಟ್ಟಿ ಮಲಗಿಸಿದರೆ ಒದ್ದಾಡುತ್ತಿದ್ದವು, ಗುರುಗುಡುತ್ತಿದ್ದವು, ಪರದೆಯ ಮೇಲೆ ಅಲೆಯೇ ಇಲ್ಲ. ವಯಸ್ಸಾದ ಹೆಣ್ಣು ಬೆಕ್ಕು ಆರಾಮಾಗಿ ಮಲಗುತ್ತಿತ್ತು. ಅದರ ಹೊಟ್ಟೆಯಲ್ಲಿ ಅಲೆ ಸರಾಗ. ನಡುವೆ ಅದಕ್ಕೂ ಕಿರಿಕಿರಿಯಾದರೆ ಅಲೆ ತಟ್ಟನೆ ನಿಲ್ಲುತ್ತಿತ್ತು. ತಲೆ ಸವರಿ ಸಮಾಧಾನ ಮಾಡಿದರೆ ಮತ್ತೆ ಶುರು.

ಬೇರೆಯವರಾಗಿದ್ದರೆ ‘ಈ ಬೆಕ್ಕು ಸರಿ ಇಲ್ಲ’ ಅಂತ ಪಟ್ಟಿಯಿಂದ ತೆಗೆದುಹಾಕುತ್ತಿದ್ದರೇನೋ. ಕ್ಯಾನನ್ ಅದನ್ನು ಬರೆದಿಟ್ಟುಕೊಂಡರು. 1898ರ ಲೇಖನದಲ್ಲೇ ಅದು ಇದೆ. ನನ್ನ ಲೆಕ್ಕದಲ್ಲಿ ಇಡೀ ಕಥೆಯಲ್ಲಿ ಮೆಚ್ಚಬೇಕಾದ ಜಾಗ ಇದೇ. ಪ್ರಯೋಗಕ್ಕೆ ಅಡ್ಡ ಬಂದದ್ದನ್ನೇ ಅವರು ಪ್ರಶ್ನೆ ಮಾಡಿಕೊಂಡರು. ಮನಸ್ಸಿಗೆ ಆದದ್ದು ಹೊಟ್ಟೆಗೆ ಹೇಗೆ ಗೊತ್ತಾಗುತ್ತದೆ?

ಉತ್ತರಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಕಿಡ್ನಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಎಂಬ ಸಣ್ಣ ಗ್ರಂಥಿಗಳಿವೆ. ಅವುಗಳ ರಸವನ್ನು ಪ್ರಾಣಿಗೆ ಚುಚ್ಚಿದರೆ ರಕ್ತದ ಒತ್ತಡ ಜೋರಾಗಿ ಏರುತ್ತದೆ ಎಂದು ಇಂಗ್ಲೆಂಡಿನಲ್ಲಿ 1890ರ ದಶಕದಲ್ಲೇ ತೋರಿಸಿದ್ದರು. ಕ್ಯಾನನ್ 1911ರಲ್ಲಿ ಒಂದು ಪ್ರಯೋಗ ಮಾಡಿದರು. ಶಾಂತವಾಗಿದ್ದ ಬೆಕ್ಕಿನ ರಕ್ತ ಸ್ವಲ್ಪ, ಬೊಗಳುವ ನಾಯಿಯನ್ನು ಕಂಡು ಬೆದರಿದ ಬೆಕ್ಕಿನ ರಕ್ತ ಸ್ವಲ್ಪ, ಎರಡನ್ನೂ ಅಡ್ರಿನಲ್ ಹತ್ತಿರದ ರಕ್ತನಾಳದಿಂದ ತೆಗೆದರು. ಆದರೆ ರಕ್ತದಲ್ಲಿ ಅಡ್ರಿನಲಿನ್ ಇದೆಯೋ ಇಲ್ಲವೋ ಅಂತ ಅಳೆಯುವ ಯಂತ್ರ ಆಗ ಎಲ್ಲಿತ್ತು? ಅದಕ್ಕೆ ಅವರು ಬಳಸಿದ್ದು ಕರುಳಿನ ಗೋಡೆಯ ಒಂದು ಸಣ್ಣ ಪಟ್ಟಿ. ದ್ರವದಲ್ಲಿ ಇಳಿಬಿಟ್ಟರೆ ಆ ಪಟ್ಟಿ ತನ್ನ ಪಾಡಿಗೆ ಲಯವಾಗಿ ಕುಗ್ಗುತ್ತಾ ಹಿಗ್ಗುತ್ತಾ ಇರುತ್ತದೆ. ಶಾಂತ ಬೆಕ್ಕಿನ ರಕ್ತ ಹಾಕಿದಾಗ ಕುಗ್ಗಾಟ ಹಾಗೇ ನಡೆಯಿತು. ಬೆದರಿದ ಬೆಕ್ಕಿನ ರಕ್ತ ಹಾಕಿದಾಗ ಪಟ್ಟಿ ಸಡಿಲವಾಗಿ ಸುಮ್ಮನಾಯಿತು. ಇವತ್ತಾದರೆ ಇಂಥ ಪ್ರಯೋಗಕ್ಕೆ ನೈತಿಕ ಸಮಿತಿ ನೂರು ಪ್ರಶ್ನೆ ಕೇಳುತ್ತದೆ, ಕೇಳಲೂ ಬೇಕು.

ಭಯವಾದಾಗ ರಕ್ತಕ್ಕೆ ಒಂದು ವಸ್ತು ಸೇರುತ್ತದೆ. ಅದು ಹೊಟ್ಟೆ, ಕರುಳಿನ ಕೆಲಸ ನಿಲ್ಲಿಸುತ್ತದೆ. ಹೊಟ್ಟೆಯ ರಕ್ತನಾಳಗಳನ್ನು ಬಿಗಿಯುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಹೊಟ್ಟೆಯ ಕಡೆ ಉಳಿಸಿದ ರಕ್ತ ಕೈಕಾಲಿನ ಸ್ನಾಯುಗಳಿಗೆ ಹೋಗುತ್ತದೆ. ಬಿಪಿ ಏರುತ್ತದೆ. ಹೋರಾಡು, ಇಲ್ಲವೇ ಓಡು. ಈ ಮಾತನ್ನು ಜಗತ್ತಿಗೆ ಪರಿಚಯಿಸಿದ್ದು ಕ್ಯಾನನ್ ಅವರೇ. ಪರೀಕ್ಷೆ ದಿನ ಮಕ್ಕಳಿಗೆ ಉಗ್ಗಾಣಿ ಗಂಟಲಲ್ಲಿ ಇಳಿಯುವುದಿಲ್ಲವಲ್ಲ, ಅದರ ಹಿಂದೆ ಇರುವುದೂ ಇದೇ ಏರ್ಪಾಡು.

ಹೊಟ್ಟೆಯ ನೆರಳು ನೋಡುತ್ತಿದ್ದವರು ಬಿಪಿಗೆ ಬಂದದ್ದು ಹೀಗೆ. ಒಂದು ಕಾಕತಾಳೀಯವನ್ನೂ ಹೇಳಿಬಿಡುತ್ತೇನೆ. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ ಬಿಪಿ ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೊಚ್ಚಿ ಪ್ರಕಟಿಸಿದ್ದೂ 1896ರಲ್ಲೇ. ಅದರಲ್ಲಿ ಮೇಲಿನ ಅಂಕಿ ಮಾತ್ರ ಸಿಗುತ್ತಿತ್ತು. 1905ರಲ್ಲಿ ರಷ್ಯಾದ ಕೊರೊಟ್ಕೋವ್ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಕೇಳುವ ವಿಧಾನ ಹೇಳಿದ ಮೇಲೆ ಕೆಳಗಿನ ಅಂಕಿಯೂ ಬಂತು.

ಕಾಲುವೆಯ ಗೇಜ್

ಈಗ ಊಟದ ವಿಷಯಕ್ಕೆ ಬರೋಣ. ಭಯದಲ್ಲಿ ಏನಾಗುತ್ತದೆಯೋ ಊಟದಲ್ಲಿ ಅದರ ಉಲ್ಟಾ. ಊಟ ಕರುಳಿಗೆ ಇಳಿದಾಗ ಕರುಳಿನ ರಕ್ತನಾಳಗಳು ಅಗಲವಾಗುತ್ತವೆ. ಸುಮ್ಮನೆ ಕೂತಿದ್ದಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೊಟ್ಟೆ, ಕರುಳು, ಲಿವರ್ ಕಡೆ ಹೋಗುತ್ತದೆ. ಸಣ್ಣ ಕರುಳಿಗೆ ರಕ್ತ ಒಯ್ಯುವ ಒಂದು ದೊಡ್ಡ ನಾಳ ಇದೆ. ಊಟವಾಗಿ ಅರ್ಧ-ಮುಕ್ಕಾಲು ಗಂಟೆಗೆ ಆ ನಾಳದ ಹರಿವು ದುಪ್ಪಟ್ಟು, ಕೆಲವರಲ್ಲಿ ಇನ್ನೂ ಜಾಸ್ತಿ ಆಗುತ್ತದೆ.

ಇದನ್ನು ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ವಿವರಿಸುವುದು ಸುಲಭ. ಮೇಲ್ಭಾಗದವರು ತೂಬುಗಳನ್ನೆಲ್ಲ ಒಟ್ಟಿಗೆ ಎತ್ತಿಬಿಟ್ಟರೆ ಕಾಲುವೆಯ ಗೇಜ್, ಅಂದರೆ ನೀರಿನ ಮಟ್ಟ, ಇಳಿಯುತ್ತದೆ. ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ. ಗೇಜ್ ಕಾಪಾಡಲು ಎರಡೇ ದಾರಿ. ಡ್ಯಾಮಿನಿಂದ ಜಾಸ್ತಿ ನೀರು ಬಿಡಬೇಕು, ಇಲ್ಲವೇ ಬೇರೆ ತೂಬುಗಳನ್ನು ಇಳಿಸಬೇಕು. ದೇಹ ಎರಡನ್ನೂ ಮಾಡುತ್ತದೆ. ಕರುಳಿನ ತೂಬು ತೆರೆದಾಗ ಹೃದಯ ಸ್ವಲ್ಪ ಜೋರಾಗಿ ಪಂಪ್ ಮಾಡುತ್ತದೆ, ಕೈಕಾಲಿನ ರಕ್ತನಾಳಗಳು ಸ್ವಲ್ಪ ಬಿಗಿಯುತ್ತವೆ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡ ಅಳೆಯುವ ನರಗಳಿವೆ. ಅವು ಮಿದುಳಿಗೆ ಸುದ್ದಿ ಕೊಡುತ್ತಾ ಇರುತ್ತವೆ. ವಯಸ್ಸು ಕಡಿಮೆ ಇದ್ದವರಲ್ಲಿ ಇದೆಲ್ಲ ಎಷ್ಟು ಚುರುಕು ಎಂದರೆ ಹೊಟ್ಟೆ ತುಂಬ ಉಂಡರೂ ಬಿಪಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಇಂಥ ತಾನೇ ಸರಿಹೊಂದಿಸಿಕೊಳ್ಳುವ ಗುಣಕ್ಕೆ ಕ್ಯಾನನ್ 1926ರಲ್ಲಿ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟರು. ಈಗ ಹೈಸ್ಕೂಲ್ ಮಕ್ಕಳೂ ಓದುವ ಹೆಸರು ಅದು.

ವಯಸ್ಸಾದಂತೆ ಆ ನರಗಳ ಚುರುಕು ಕಡಿಮೆಯಾಗುತ್ತದೆ. ಬಹಳ ವರ್ಷದ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆ ಇದ್ದವರಲ್ಲಿ ಇನ್ನೂ ಕಡಿಮೆ. ಕರುಳಿನ ತೂಬು ತೆರೆಯುತ್ತದೆ, ಉಳಿದವು ಇಳಿಯುವುದಿಲ್ಲ. ಊಟವಾದ ಎರಡು ಗಂಟೆಯೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರುಗಳು ಅದನ್ನು ಊಟದ ನಂತರದ ಲೋ ಬಿಪಿ ಎಂದು ಲೆಕ್ಕ ಹಾಕುತ್ತಾರೆ. ವೃದ್ಧರಲ್ಲಿ ಇದು ಸಾಮಾನ್ಯ ಎಂದು 1983ರಲ್ಲಿ ಲೂಯಿಸ್ ಲಿಪ್ಸಿಟ್ಜ್ ಮತ್ತು ಜೊತೆಯವರು ತೋರಿಸಿದರು. ಕ್ಯಾನನ್ ಬೆಕ್ಕಿನ ಹೊಟ್ಟೆ ನೋಡಿದ ಬಾಸ್ಟನ್ ನಗರದಲ್ಲೇ. ತಲೆ ತಿರುಗುವುದು, ತೂಕಡಿಕೆ, ಮಾತು ತೊದಲುವುದು, ಎದ್ದಾಗ ಬೀಳುವುದು ಇದರ ಲಕ್ಷಣಗಳು. ಕೆಲವರಿಗೆ ಏನೂ ಗೊತ್ತೇ ಆಗುವುದಿಲ್ಲ. ಮಾತು ತೊದಲಿದರೆ ಮಾತ್ರ ‘ಊಟದ್ದು ಇರಬೇಕು’ ಎಂದು ಕಾಯಬೇಡಿ. ಪಾರ್ಶ್ವವಾಯುವಿಗೂ ಅದೇ ಲಕ್ಷಣ. ತಕ್ಷಣ ಆಸ್ಪತ್ರೆಗೆ ಹೊರಡಿ.

ಹೊಟ್ಟೆಯ ಬಾಗಿಲು ಎಷ್ಟು ವೇಗವಾಗಿ ಊಟ ಬಿಡುತ್ತದೆ ಎಂಬುದು ಇಲ್ಲಿ ಬಹಳ ಮುಖ್ಯ. ಆರೋಗ್ಯವಂತರಲ್ಲಿ ಬಾಗಿಲು ನಿಮಿಷಕ್ಕೆ 1ರಿಂದ 4 ಕಿಲೋಕ್ಯಾಲರಿಯಷ್ಟು ಊಟ ಬಿಡುತ್ತದೆ. ಬೇಗ ಬಿಟ್ಟರೆ ಬಿಪಿ ಜಾಸ್ತಿ ಇಳಿಯುತ್ತದೆ. ನಿಧಾನ ಬಿಟ್ಟರೆ ಕಡಿಮೆ. ಅದಕ್ಕೇ ಸಕ್ಕರೆ ನೀರು, ತಟ್ಟೆ ತುಂಬ ಬಿಳಿ ಅನ್ನದಂಥ ಊಟ ಈ ವಿಷಯದಲ್ಲಿ ಜಾಸ್ತಿ ತೊಂದರೆ ಕೊಡುತ್ತದೆ. 1950ರ ದಶಕದಲ್ಲಿ ಡ್ಯಾಮ್ ಆಗಿ, ಗಂಗಾವತಿ, ಸಿಂಧನೂರು ಭತ್ತದ ಸೀಮೆಯಾದ ಮೇಲೆ ನಮ್ಮ ತಟ್ಟೆಯೂ ಬದಲಾಗಿದೆ. ರೊಟ್ಟಿ ಎರಡಕ್ಕೆ ಇಳಿದು ಅನ್ನದ ಗುಡ್ಡ ಬೆಳೆದಿದೆ. ಹಾಗಂತ ರೊಟ್ಟಿಗೆ ಪೂರ್ತಿ ಸರ್ಟಿಫಿಕೇಟ್ ಕೊಡುವ ಅಗತ್ಯವಿಲ್ಲ. ಜೋಳವೂ ಹಿಟ್ಟೇ. ನಾಲ್ಕು ರೊಟ್ಟಿ ಮೇಲೆ ಅನ್ನ ಸಾರು, ಅದರ ಮೇಲೆ ಶೇಂಗಾ ಹೋಳಿಗೆ ಎಂದರೆ ಲೆಕ್ಕ ಮತ್ತೆ ಅಲ್ಲೇ ಬರುತ್ತದೆ. ಒಟ್ಟು ಎಷ್ಟು ತಿಂದಿರಿ ಎಂಬುದೂ ಅಷ್ಟೇ ಮುಖ್ಯ.

ಬಿಸಿಲಿನ ಪಾಲು ಎಲ್ಲಿ ಬಂತು? ಸೆಕೆಯಲ್ಲಿ ದೇಹ ತಣ್ಣಗಾಗಲು ಚರ್ಮದ ರಕ್ತನಾಳಗಳೂ ಅಗಲವಾಗುತ್ತವೆ. ಅಂದರೆ ಇನ್ನೊಂದು ತೂಬು ತೆರೆದ ಹಾಗೆ. ಬೆವರಿ ನೀರೂ ಕಡಿಮೆಯಾಗಿರುತ್ತದೆ. ಬೆಳಿಗ್ಗೆ ನುಂಗಿದ ಬಿಪಿ ಮಾತ್ರೆ ತನ್ನ ಕೆಲಸ ತಾನು ಮಾಡುತ್ತಿರುತ್ತದೆ. ಮೇಲೆ ಹೊಟ್ಟೆ ತುಂಬ ಊಟ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಇವೆಲ್ಲ ಒಟ್ಟಿಗೆ ಸೇರುತ್ತವೆ.

ಎಲ್ಲವೂ ಸರಿ ಇರಲಿಲ್ಲ

ಕ್ಯಾನನ್ 1906ರಲ್ಲಿ ಬೌಡಿಚ್ ಅವರ ಜಾಗಕ್ಕೆ ಬಂದು 1942ರವರೆಗೆ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದರು. ಹಲವು ಸಲ ನೊಬೆಲ್‌ಗೆ ಹೆಸರು ಹೋದರೂ ಸಿಗಲಿಲ್ಲ. ಅವರು ಹೇಳಿದ್ದೆಲ್ಲ ಉಳಿಯಲೂ ಇಲ್ಲ. 1917ರಲ್ಲಿ ಮೊದಲನೇ ಮಹಾಯುದ್ಧದ ಫ್ರಾನ್ಸ್‌ಗೆ ಹೋದರು. ಗಾಯಾಳು ಸೈನಿಕರು ಬಿಪಿ ಕುಸಿದು ಸಾಯುತ್ತಿದ್ದರು. ಅವರ ರಕ್ತದಲ್ಲಿ ಆಮ್ಲ ಜಾಸ್ತಿಯಾಗಿರುವುದನ್ನು ಕ್ಯಾನನ್ ಅಳೆದರು, ಅದೇ ಕಾರಣ ಇರಬಹುದು ಎಂದುಕೊಂಡು ಸೋಡಾ ದ್ರಾವಣ ಕೊಟ್ಟು ನೋಡಿದರು. ಆಮ್ಲ ಏರುವುದು ಬಿಪಿ ಕುಸಿದದ್ದರ ಪರಿಣಾಮ, ಕಾರಣ ಅಲ್ಲ ಎಂದು ಮುಂದೆ ಗೊತ್ತಾಯಿತು. ನಜ್ಜುಗುಜ್ಜಾದ ಮಾಂಸದಿಂದ ವಿಷ ಹರಡುತ್ತದೆ ಎಂಬ ಅವರ ಇನ್ನೊಂದು ವಾದಕ್ಕೂ ಪೆಟ್ಟು ಬಿತ್ತು. 1930ರಲ್ಲಿ ಆಲ್ಫ್ರೆಡ್ ಬ್ಲಾಲಕ್ ತೋರಿಸಿದ್ದು ಸರಳ ವಿಷಯ: ಗಾಯದೊಳಕ್ಕೆ ಸೋರಿಹೋದ ರಕ್ತ ಮತ್ತು ದ್ರವವೇ ಬಿಪಿ ಕುಸಿಯಲು ಸಾಕು.

ಆದರೆ ಅದೇ ಯುದ್ಧದಲ್ಲಿ ಕ್ಯಾನನ್ ತಂಡ ಬರೆದ ಇನ್ನೊಂದು ಮಾತು ಇವತ್ತಿಗೂ ತುರ್ತು ಚಿಕಿತ್ಸೆಯವರ ಬಾಯಲ್ಲಿದೆ. ರಕ್ತ ಸೋರುವುದನ್ನು ನಿಲ್ಲಿಸುವ ಮೊದಲೇ ಬಿಪಿ ಏರಿಸಿದರೆ ಇದ್ದ ರಕ್ತವೂ ಹರಿದು ಹೋಗಬಹುದು, ಎಂದಿದ್ದರು. ನೂರು ವರ್ಷದ ನಂತರವೂ ಟ್ರಾಮಾ ವಾರ್ಡ್‌ಗಳಲ್ಲಿ ಇದರ ಮೇಲೆ ಚರ್ಚೆ ನಡೆಯುತ್ತದೆ.

ಎಕ್ಸ್‌ರೇ ಅವರಿಂದ ದೊಡ್ಡ ಬೆಲೆ ಕೇಳಿತು. ಆ ಮೊದಲ ವರ್ಷಗಳಲ್ಲಿ ಸೀಸದ ಏಪ್ರನ್ ಇಲ್ಲ, ಅಡ್ಡ ಗೋಡೆ ಇಲ್ಲ. ಕಿರಣದ ಟ್ಯೂಬ್ ಪಕ್ಕದಲ್ಲೇ ಗಂಟೆಗಟ್ಟಲೆ ಕೆಲಸ. ಚರ್ಮ ಸುಟ್ಟಿತು. ಕೊನೆಯ ವರ್ಷಗಳಲ್ಲಿ ತುರಿಕೆ, ಆಮೇಲೆ ಚರ್ಮ ಮತ್ತು ರಕ್ತದ ಕ್ಯಾನ್ಸರ್. ಯೌವನದಲ್ಲಿ ಮೈಗೆ ಬಿದ್ದ ಕಿರಣಗಳಿಗೂ ಕಾಯಿಲೆಗೂ ನಂಟು ಇದೆ ಎಂದೇ ನಂಬಲಾಗಿತ್ತು. 1945ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಕಿರಣವೇ ಇಲ್ಲದೆ ಹೊಟ್ಟೆ ನೋಡುವ ದಾರಿ ಆಮೇಲೆ ಬಂತು. ಎಂಆರ್‌ಐ. ಅದರ ಸುರಂಗದಲ್ಲಿ ಇರುವುದು ದೊಡ್ಡ ಅಯಸ್ಕಾಂತ. 1.5 ಟೆಸ್ಲಾ ಮಷೀನ್ ಎಂದರೆ ಭೂಮಿಯ ಕಾಂತಶಕ್ತಿಗಿಂತ ಸುಮಾರು 30 ಸಾವಿರ ಪಟ್ಟು ಬಲ. ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಒಂದು ಸಣ್ಣ ಪಾಲು ಆ ಬಲಕ್ಕೆ ಸಾಲಾಗುತ್ತದೆ. ರೇಡಿಯೋ ಅಲೆ ಕೊಟ್ಟರೆ ಅಲುಗುತ್ತದೆ, ನಿಲ್ಲಿಸಿದರೆ ತಾನೇ ಒಂದು ಸಣ್ಣ ಸಿಗ್ನಲ್ ವಾಪಸ್ ಕೊಡುತ್ತದೆ. ಆ ಸಿಗ್ನಲ್‌ನಿಂದ ಚಿತ್ರ. ಎಕ್ಸ್‌ರೇಗೆ ಕಾಣದ ಹಗುರ ಹೈಡ್ರೋಜನ್ನೇ ಇಲ್ಲಿ ಕಥಾನಾಯಕ. ಬಿಸ್ಮತ್ತೂ ಬೇಡ, ಬೇರಿಯಮ್ಮೂ ಬೇಡ.

ತೊಂದರೆ ಎಂದರೆ ನಿಧಾನ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಹಿಡಿದರೆ, 20 ಸೆಕೆಂಡಿಗೊಮ್ಮೆ ಅಲೆ ಏಳುವ, ಉಸಿರಿಗೆ ಮೇಲೆಕೆಳಗೆ ಆಗುವ ಹೊಟ್ಟೆ ಮಸುಕು ಮಸುಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ 1977ರಲ್ಲಿ ಒಂದು ಉಪಾಯ ಹೇಳಿದರು. ಅದರಿಂದ ಒಂದು ಪದರದ ಚಿತ್ರವನ್ನು ಕಣ್ಣು ಮಿಟುಕಿಸುವುದರೊಳಗೆ ತೆಗೆಯಬಹುದು. ಅವರು 15ನೇ ವಯಸ್ಸಿಗೆ ಶಾಲೆ ಬಿಟ್ಟವರು. ಮಷೀನ್ ತಯಾರಾದಾಗ 1978ರಲ್ಲಿ ಮೊದಲು ತಾವೇ ಒಳಗೆ ಹೋಗಿ ನಿಂತು ಹೊಟ್ಟೆಯ ಚಿತ್ರ ತೆಗೆಸಿಕೊಂಡರು. 2003ರಲ್ಲಿ ಪಾಲ್ ಲಾಟರ್‌ಬರ್ ಜೊತೆ ನೊಬೆಲ್ ಬಂತು.

ಅದೇ ನಾಟಿಂಗ್‌ಹ್ಯಾಮ್‌ನವರು ಮುಂದೆ ಊಟ ಕೊಟ್ಟು ಹೊಟ್ಟೆ ನೋಡುವ ಕೆಲಸವನ್ನು ಬಹಳ ದೂರ ಒಯ್ದರು. ಒಂದು ಪ್ರಯೋಗ ನನಗೆ ಇಷ್ಟ. ಒಂದೇ ಪದಾರ್ಥ, ಒಂದೇ ಅಳತೆ. ಒಂದು ಸಲ ಗಟ್ಟಿ ಊಟ, ಜೊತೆಗೆ ನೀರು. ಇನ್ನೊಂದು ಸಲ ಅದನ್ನೆಲ್ಲ ನುಣ್ಣಗೆ ಅರೆದ ಸೂಪ್. ಯಾವುದು ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ಉಳಿಯಿತು? ಗಟ್ಟಿ ಊಟ ಅಂತ ಅನಿಸುತ್ತದೆ. ಉಳಿದದ್ದು ಸೂಪ್. ಗಟ್ಟಿ ಊಟದ ಜೊತೆ ಕುಡಿದ ನೀರನ್ನು ಹೊಟ್ಟೆ ಸೋಸಿ ಮೊದಲೇ ಕಳಿಸಿಬಿಡುತ್ತದೆ. ಸೂಪಿನಲ್ಲಿ ನೀರು ಬೇರೆಯಾಗಲು ಆಗುವುದಿಲ್ಲ. ಎಂಆರ್‌ಐ ಚಿತ್ರದಲ್ಲಿ ಇದು ಕಣ್ಣಿಗೇ ಕಾಣುತ್ತದೆ.

ರಕ್ತದ ಹರಿವನ್ನೂ ಎಂಆರ್‌ಐ ಅಳೆಯುತ್ತದೆ. ಹರಿಯುವ ರಕ್ತದಿಂದ ಬರುವ ಸಿಗ್ನಲ್ ನಿಂತ ಮಾಂಸದ ಸಿಗ್ನಲ್‌ಗಿಂತ ಸ್ವಲ್ಪ ಹಿಂದುಮುಂದಾಗಿರುತ್ತದೆ. ವೇಗ ಜಾಸ್ತಿಯಾದಷ್ಟೂ ಆ ವ್ಯತ್ಯಾಸ ಜಾಸ್ತಿ. ವೇಗವನ್ನು ನಾಳದ ಅಡ್ಡಕೊಯ್ತದ ವಿಸ್ತೀರ್ಣದ ಜೊತೆ ಗುಣಿಸಿದರೆ ನಿಮಿಷಕ್ಕೆ ಎಷ್ಟು ರಕ್ತ ಹರಿಯಿತು ಎಂಬುದು ಸಿಗುತ್ತದೆ. ಹೀಗೆ ಒಂದೇ ಮಷೀನಿನಲ್ಲಿ ಊಟ ಇಳಿಯುವುದನ್ನೂ ಕರುಳಿನ ತೂಬು ತೆರೆಯುವುದನ್ನೂ ಒಟ್ಟಿಗೆ ನೋಡಬಹುದು. ಕೊರತೆ ಒಂದಿದೆ. ಎಂಆರ್‌ಐನಲ್ಲಿ ಸಾಮಾನ್ಯವಾಗಿ ಮಲಗಿರಬೇಕು. ತಲೆ ತಿರುಗುವುದು ಎದ್ದು ನಿಂತಾಗ.

ಹರಿವು ನೋಡಲು ಡಾಪ್ಲರ್ ಸ್ಕ್ಯಾನ್ ಸಾಕು. ಅದು ಶಬ್ದದ ಅಲೆಯಿಂದ ಕೆಲಸ ಮಾಡುತ್ತದೆ, ಕೂತೂ ಮಾಡಿಸಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಡಾಪ್ಲರ್ ಇರುವ ಸ್ಕ್ಯಾನಿಂಗ್ ಸೆಂಟರ್ ಸಿಗುವುದು ಕಷ್ಟವಲ್ಲ. ಆದರೆ ಊಟದ ಬಿಪಿ ಪತ್ತೆ ಮಾಡಲು ಎಂಆರ್‌ಐ, ಡಾಪ್ಲರ್ ಯಾವುದೂ ಬೇಕಿಲ್ಲ. ಮನೆಯ ಬಿಪಿ ಮಷೀನ್ ಸಾಕು. ಊಟಕ್ಕೆ ಮೊದಲು ಐದು ನಿಮಿಷ ಕೂತು ಒಂದು ಸಲ ನೋಡಿ. ಆಮೇಲೆ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆಗೆ, ಅದೇ ತೋಳಿನಲ್ಲಿ, ಅದೇ ರೀತಿ ಕೂತು ನೋಡಿ. ಕೆಲವು ದಿನ ಬರೆದಿಡಿ. ಏನು ತಿಂದಿರಿ, ಮಾತ್ರೆ ಎಷ್ಟು ಗಂಟೆಗೆ ತಗೊಂಡಿರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

20ಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹೊತ್ತು ಬದಲಿಸಬೇಕೋ, ಪ್ರಮಾಣ ಬದಲಿಸಬೇಕೋ ಅವರು ನೋಡುತ್ತಾರೆ. ಒಮ್ಮೆಗೇ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪ ಊಟವನ್ನು ಜಾಸ್ತಿ ಸಲ ಮಾಡುವುದು, ಅನ್ನ ಕಡಿಮೆ ಮಾಡಿ ಬೇಳೆ, ಕಾಳು, ಪಲ್ಯ ಜಾಸ್ತಿ ಮಾಡುವುದು, ಉಂಡ ಕೂಡಲೇ ಎದ್ದು ಓಡಾಡದೆ ಸ್ವಲ್ಪ ಹೊತ್ತು ಕೂರುವುದು ಹಲವರಿಗೆ ಅನುಕೂಲವಾಗಿದೆ. ಊಟಕ್ಕೆ ಸ್ವಲ್ಪ ಮೊದಲು ಒಂದೆರಡು ಲೋಟ ನೀರು ಕುಡಿಯುವುದೂ ಉಪಯೋಗಕ್ಕೆ ಬರುತ್ತದೆ. ಹೊಟ್ಟೆ ಹಿಗ್ಗಿದಾಗ ನರಗಳು ರಕ್ತನಾಳಗಳನ್ನು ಬಿಗಿಯುತ್ತವೆ, ಬಿಪಿ ಸ್ವಲ್ಪ ಏರುತ್ತದೆ. ಕಿಡ್ನಿ ತೊಂದರೆ, ಹೃದಯದ ದೌರ್ಬಲ್ಯ ಇದ್ದು ನೀರು ಅಳತೆಯಲ್ಲಿ ಕುಡಿಯಿರಿ ಎಂದು ಹೇಳಿಸಿಕೊಂಡವರು ಮಾತ್ರ ಇದನ್ನು ಡಾಕ್ಟರನ್ನು ಕೇಳದೆ ಮಾಡಬಾರದು.